ಟೈಲರಣ್ಣನಿಗಾಗಿ ಪ್ರಾರ್ಥನೆ

"ಅಲ್ಲಿಗೆ ಬರಲ್ಲ. ಇಲ್ಲೇ ಕೂರ್ತೀನಿ," ಎಂದು ಅಮ್ಮ ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂತೇಬಿಟ್ಟಳು. ಮೂರನೆಯ ಬೆಂಚು ಅವರ ಮನೆಯವರದು ಎಂದು ಇಡೀ ಚರ್ಚಿಗೆ ಗೊತ್ತು. ಟೈಲರಾಗಿದ್ದ ಅಪ್ಪ, ಪಾಸ್ಟರ್ ಪ್ರಸಂಗ ಎಳೆಯುತ್ತಿದ್ದರೆ ಮುಂದಿದ್ದವರ ಕಾಲರಿನ ಹೊಲಿಗೆ ನೋಡಿ ಮುಗುಳ್ನಗುತ್ತ ಅಲ್ಲೇ ಕೂರುತ್ತಿದ್ದ. ಅವನನ್ನು ಮಣ್ಣು ಮಾಡಿ ಇನ್ನೂ ವಾರ ತುಂಬಿರಲಿಲ್ಲ.

ಮಗಳೂ ಪಕ್ಕದಲ್ಲಿ ಕೂತಳು. ಅಮ್ಮ ಬಂದದ್ದೇ ಹೆಚ್ಚು.

"ಈಗಲೇ ಹೇಳಿರ್ತೀನಿ," ಅಮ್ಮ ಪಿಸುಗುಟ್ಟಿದಳು. "ಯಾರಾದ್ರೂ ದೇವರ ಚಿತ್ತ ಗಿತ್ತ ಅಂದ್ರೋ, ಎದ್ದು ಹೋಗ್ತೀನಿ. ಮತ್ತೆ ಈ ಕಡೆ ತಲೆ ಹಾಕಲ್ಲ."

"ಯಾರೂ ಅನ್ನಲ್ಲಮ್ಮ."

"ವರ್ಷವೆಲ್ಲ ಇಷ್ಟು ಜನ ಬಾಯಿ ಬಿಟ್ಟು ಕೇಳಿದ್ರು. ಒಬ್ಬರ ಮಾತೂ ಕಿವಿಗೆ ಹಾಕ್ಕೊಳ್ಳಲಿಲ್ಲ ಆ ದೇವರು."

ಮಗಳಿಗೆ ಭಯವಾದದ್ದು ಅದಕ್ಕೇ. ಅಮ್ಮನಿಗೆ ಗಂಡ ಮತ್ತು ಚರ್ಚು ಬಿಟ್ಟರೆ ಬೇರೆ ಲೋಕವಿರಲಿಲ್ಲ. ಇದೂ ಕೈಬಿಟ್ಟರೆ ಹೊಲಿಗೆ ಯಂತ್ರದ ಮುಂದೆ ಗೋಡೆ ನೋಡುತ್ತ ಕೂರುವವಳೇ. ಹೂತು ಬಂದ ದಿನದಿಂದ ಒಂದು ಹನಿ ಕಣ್ಣೀರೂ ಹಾಕಿರಲಿಲ್ಲ.

ಹಾಡು ಮುಗಿಯಿತು. ಪಾಸ್ಟರ್ ಕಣ್ಣು ಮುಚ್ಚಿ ಕಾಯಿಲೆಯವರಿಗಾಗಿ ಪ್ರಾರ್ಥಿಸತೊಡಗಿದರು. ವಯಸ್ಸಾದವರು, ಕಣ್ಣು ಮುಚ್ಚಿದರೆಂದರೆ ಮಾತು ತನ್ನಷ್ಟಕ್ಕೆ ತಾನೇ ಹಳೆಯ ದಾರಿ ಹಿಡಿಯುತ್ತಿತ್ತು. ವರ್ಷದಿಂದ ಪ್ರತಿ ಭಾನುವಾರ ಆ ದಾರಿಯಲ್ಲಿ ಮೊದಲು ಸಿಗುತ್ತಿದ್ದವನು ಅಪ್ಪನೇ.

"ಸ್ವಾಮಿ, ನಮ್ಮ ಟೈಲರಣ್ಣನ ಹೊಟ್ಟೆನೋವು ವಾಸಿಮಾಡು. ಇವತ್ತು ರಾತ್ರಿಯಾದರೂ ಅವನಿಗೆ ಒಳ್ಳೆ ನಿದ್ದೆ ಕೊಡು."

ಆಮೆನ್ ಅನ್ನಬೇಕಾದವರೆಲ್ಲ ಗರಬಡಿದವರಂತೆ ಕೂತರು. ಯಾರೋ ಕೆಮ್ಮಿದರು. ಪಾಸ್ಟರ್ ಕಣ್ಣು ಬಿಟ್ಟರು. ಅಪ್ಪನ ಸಮಾಧಿಗೆ ಮೊದಲ ಹಿಡಿ ಮಣ್ಣು ಹಾಕಿದವರು ಅವರೇ. ಪ್ರಾರ್ಥನೆ ಅಲ್ಲಿಗೇ ನಿಂತಿತು.

ಅಮ್ಮ ಎದ್ದು ನಿಂತಳು. ಎಲ್ಲ ಮುಗಿಯಿತು ಎಂದುಕೊಂಡ ಮಗಳು ಆಕೆಯ ಕೈ ಹಿಡಿದೆಳೆದಳು. ಅಮ್ಮ ಕೊಸರಿಕೊಂಡಳು.

"ಆಮೆನ್," ಎಂದಳು, ಇಡೀ ಚರ್ಚಿಗೆ ಕೇಳುವಂತೆ.

ತಲೆಗಳೆಲ್ಲ ಹಿಂದಕ್ಕೆ ತಿರುಗಿದವು.

"ಯಾಕೆ ನಿಲ್ಲಿಸಿದ್ರಿ ಪಾಸ್ಟರ್? ನಿದ್ದೆ ಕೊಡು ಅಂದ್ರಲ್ಲ, ಅದರಲ್ಲಿ ತಪ್ಪೇನಿದೆ? ಎಷ್ಟು ರಾತ್ರಿ ಅವರು..." ಅಮ್ಮ ದೊಪ್ಪನೆ ಕೂತು, ಮಗಳ ಹೆಗಲಿಗೆ ಮುಖ ಒತ್ತಿ ಜೋರಾಗಿ ಅತ್ತಳು.

ಮುಂದಿನ ಬೆಂಚುಗಳಿಂದ ಒಬ್ಬೊಬ್ಬರಾಗಿ ಆಮೆನ್ ಅಂದರು. ಪಾಸ್ಟರ್ ಮಾತ್ರ ಅಪ್ಪ ಹೊಲಿದುಕೊಟ್ಟ ನಿಲುವಂಗಿಯ ತೋಳಿನಲ್ಲಿ ಕನ್ನಡಕ ಒರೆಸುತ್ತ ನಿಂತೇ ಇದ್ದರು.