ಅಲುಗಿಸಿ ನೋಡುವ ರುದ್ರಯ್ಯನವರು

ದುದ್ದದ ರುದ್ರಯ್ಯನವರ ಕೈಗೆ ಏನನ್ನೇ ಕೊಟ್ಟರೂ ಅದು ಮೊದಲು ಅವರ ಬಲಗಿವಿಯ ಬಳಿಗೆ ಹೋಗಿ, ಒಮ್ಮೆ ಅಲುಗಿ, ಆಮೇಲೆಯೇ ಕೆಳಗಿಳಿಯಬೇಕು. ಬೆಂಕಿಪೊಟ್ಟಣವಾಗಲಿ, ಬೀಗರು ಕೊಟ್ಟ ಕುಂಬಳಕಾಯಿಯಾಗಲಿ, ಈ ಪರೀಕ್ಷೆಯಿಂದ ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಕೊಬ್ಬರಿ ವ್ಯಾಪಾರ ಅವರ ಮನೆತನದ ಕಸುಬು. ಸಿಪ್ಪೆಸಮೇತ ಅಟ್ಟದ ಮೇಲೆ ವರ್ಷವಿಡೀ ಮಲಗಿದ ತೆಂಗಿನಕಾಯಿ, ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು ಉರುಳತೊಡಗಿದ ಮೇಲೆಯೇ ಒಡೆಯಬೇಕು. ಅವಸರಪಟ್ಟು ಒಡೆದರೆ ಬೂಷ್ಟು ಹಿಡಿದು ಹಾಳು. ಕಾಯಿಯ ವಿಷಯದಲ್ಲಿ ಅಷ್ಟು ತಾಳ್ಮೆಯಿದ್ದ ಮನುಷ್ಯ ಮಿಕ್ಕೆಲ್ಲ ವಿಷಯಗಳಲ್ಲಿ ನಿಂತಲ್ಲಿ ನಿಲ್ಲರು, ಕುಂತಲ್ಲಿ ಕೂರರು.

ಕುತ್ತಿಗೆಯವರೆಗೆ ಗುಂಡಿ ಹಾಕಿದ ಕರಿಯ ಕೋಟು, ಜೇಬಿನಲ್ಲಿ ಕಡಲೆಪುರಿ, ಮುಂದಕ್ಕೆ ಬಾಗಿದ ನಡಿಗೆ. ಎದೆ ಬಸ್ಸಿನ ಹತ್ತಿರ ಹೋಗಿ ಎಷ್ಟೋ ಹೊತ್ತಾದ ಮೇಲೆ ಕಾಲುಗಳು ಬಂದು ಸೇರುತ್ತವೆಂದು ಊರವರು ಆಡಿಕೊಳ್ಳುತ್ತಿದ್ದರು. ಈ ಅವಸರಕ್ಕೊಂದು ಕಾರಣವಿತ್ತು. ಐವತ್ತೆರಡನೇ ಇಸವಿಯ ಶ್ರಾವಣದಲ್ಲಿ ಅವರ ತಾಯಿ ಪ್ರಾಣ ಬಿಡುವ ಗಳಿಗೆಯಲ್ಲಿ, ಎಡದ ಅಂಗೈಯಲ್ಲಿಟ್ಟುಕೊಂಡ ಇಷ್ಟಲಿಂಗವನ್ನು ನೋಡುತ್ತ ನೋಡುತ್ತ ನಕ್ಕುಬಿಟ್ಟಿದ್ದರು. ಆ ನಗೆ ಮಗನ ನಿದ್ದೆ ಕೆಡಿಸಿತು. ಹುಟ್ಟಿದಂದಿನಿಂದ ಎದೆಯ ಮೇಲೆ ಲಿಂಗ ಧರಿಸಿ, ಪೂಜಿಸದೆ ಹನಿ ನೀರನ್ನೂ ಮುಟ್ಟದ ತನಗೆ ಕಾಣದ್ದು ಅವ್ವನಿಗೆ ಏನು ಕಂಡಿತು? ಅದನ್ನು ತಿಳಿಯದೆ ಸಾಯಲಾರೆ ಎಂಬ ಭಯ ಅವರನ್ನು ಹಿಡಿಯಿತು.

ಅಲ್ಲಿಂದ ಶುರುವಾಯಿತು ಅಲೆದಾಟ. ಅರಕಲಗೂಡಿನ ಮೌನಿಯೊಬ್ಬರ ಮುಂದೆ ಕೈಮುಗಿದು, "ಬುದ್ಧೀ, ದಿನಾ ಪೂಜೆ ಮಾಡ್ತೀನಿ. ಒಳಗೆ ಏನೂ ಅಲ್ಲಾಡಂಗಿಲ್ವಲ್ಲ, ಯಾಕೆ?" ಎಂದು ಕೇಳಿದರು. ಮೌನಿ ಮೌನವಾಗಿಯೇ ಇದ್ದರು. ಚನ್ನರಾಯಪಟ್ಟಣದ ಷಡಕ್ಷರಿ ಎಂಬ ಜವಳಿ ವ್ಯಾಪಾರಿಯ ಮನೆಯಲ್ಲಿ ಸೋಮವಾರದ ಭಜನೆಗೆ ಕೂತಾಗ ಕಣ್ಣಲ್ಲಿ ನೀರು ದಳದಳನೆ ಇಳಿಯಿತು, ಅದಕ್ಕೆ ನಾಚಿ, "ಅತ್ತುಬುಟ್ರೆ ತಿಳಿವಳಿಕೆ ಬಂದಂಗಾಯ್ತಾ?" ಎಂದು ತಮ್ಮನ್ನೇ ಗದರಿಕೊಂಡು ಎದ್ದು ಬಂದರು. ಪ್ರತಿ ಸಲ ಮನೆಗೆ ಬಂದು ಹೆಂಡತಿ ಮುದ್ದಮ್ಮನಿಗೆ ಹೇಳುತ್ತಿದ್ದ ತೀರ್ಪು ಒಂದೇ: "ಇನ್ನೂ ನೀರೈತೆ ಕಣೆ." ಗುರುವಿನಲ್ಲೋ ತಮ್ಮಲ್ಲೋ ಎಂದು ಆಕೆ ಕೇಳುತ್ತಿರಲಿಲ್ಲ.

ಕಡೆಗೆ ಮನಸ್ಸು ಕಚ್ಚಿಕೊಂಡದ್ದು ಹೊಳೆನರಸೀಪುರದಲ್ಲಿ. ಚಂದ್ರಯ್ಯನವರೆಂಬ ನಿವೃತ್ತ ಮೇಷ್ಟರು ತಮ್ಮ ಜಗಲಿಯ ಮೇಲೆ ಸಂಜೆ ವೇದಾಂತದ ಪಾಠ ಹೇಳುತ್ತಿದ್ದರು. "ಕಾಣುವುದೆಲ್ಲ ಜಡ, ಕಾಣುವವನು ನೀನು," ಎಂದು ಅವರು ಒಂದು ದಿನ ಆರಂಭಿಸಿದ್ದೇ ತಡ, ರುದ್ರಯ್ಯನವರ ಮೈ ಜುಂ ಎಂದಿತು. ಆದರೆ ಕಡೆಯ ಬಸ್ಸಿನ ಹೊತ್ತಾಗಿತ್ತು. ಪಾಠದ ಉತ್ತರಾರ್ಧವನ್ನು ಜಗಲಿಯ ಮೇಲೇ ಬಿಟ್ಟು ಓಡಿಬಂದವರು, ಬೆಳಗಾಗುತ್ತಲೇ ಬೆಳ್ಳಿಯ ಕರಡಿಗೆಯನ್ನು ಕೊರಳಿನಿಂದ ತೆಗೆದು, ಲಿಂಗಸಮೇತ, ಅಟ್ಟದ ತೊಲೆಯ ಮೊಳೆಗೆ ನೇತುಹಾಕಿದರು.

"ತೊಟ್ಲಲ್ಲಿದ್ದಾಗ ಕಟ್ಟಿದ್ದನ್ನ ಅಟ್ಟಕ್ಕಾಕ್ತೀರಾ?" ಮುದ್ದಮ್ಮ ಕೆಳಗಿನಿಂದ ಕೇಳಿದರು.

"ಅದು ಕಲ್ಲು ಕಣೆ. ನೋಡೋನು ನಾನು."

ಆದರೂ ಕಾಯಿ ನೋಡುವ ನೆಪದಲ್ಲಿ ದಿನಕ್ಕೊಮ್ಮೆ ಅಟ್ಟ ಹತ್ತಿ ಮೊಳೆಯ ಕಡೆ ಕಣ್ಣು ಹಾಯಿಸಿ ಇಳಿಯುತ್ತಿದ್ದರು.

ಕೊಬ್ಬರಿ ಒಡೆಯುವ ಕಾಲ ಬಂತು. ಕಾಯಿ ಆರಿಸಿಕೊಟ್ಟು ರುದ್ರಯ್ಯನವರು ಪಾಠಕ್ಕೆ ಹೋಗಿದ್ದಾಗ, ಸುಲಿಯುವ ಕೆಂಚಯ್ಯ ಆಳುಗಳೊಂದಿಗೆ ಬಂದು ಅಟ್ಟವನ್ನೆಲ್ಲ ಅಂಗಳಕ್ಕಿಳಿಸಿದ. ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಅಟ್ಟ ಹತ್ತಿದರೆ, ಮೊಳೆಯಲ್ಲಿ ಇಲಿ ಕಡಿದ ದಾರದ ತುಂಡು ಮಾತ್ರ ಇತ್ತು.

ಏನೂ ಆಗದವರಂತೆ ಬಂದು ಊಟಕ್ಕೆ ಕೂತರು. ಮುದ್ದೆ ಮುರಿದರು, ಸಾರಿನಲ್ಲಿ ಹೊರಳಿಸಿದರು, ಬಾಯಿಗಿಟ್ಟರು. ತುತ್ತು ಗಂಟಲಲ್ಲೇ ನಿಂತಿತು.

ಆ ದಾರದ ತುಂಡನ್ನು ಗಂಡನ ಮುಷ್ಟಿಯಲ್ಲಿ ಕಂಡ ಮುದ್ದಮ್ಮ, "ಕಲ್ಲು ತಾನೆ? ಉಣ್ಣಿ," ಎಂದರು.

"ಇಳೀತಿಲ್ಲ ಕಣೆ."

"ಇಷ್ಟ್ ದಿನ ಇಳೀತಿತ್ತಲ್ಲ?"

ರುದ್ರಯ್ಯನವರು ತಲೆ ತಗ್ಗಿಸಿದರು. "ಅಟ್ಟದ ಮ್ಯಾಲೈತೆ ಅಂತ ಗೊತ್ತಿತ್ತು."

ಮುದ್ದಮ್ಮ ತಮ್ಮ ತಟ್ಟೆಯನ್ನೂ ಸರಿಸಿ, ಸೆರಗು ಸಿಕ್ಕಿಸಿ ಅಂಗಳಕ್ಕೆ ನಡೆದರು. ಕರಟದ ರಾಶಿ ಕೆದಕಿದ್ದಾಯಿತು, ಮೂಲೆಮುಡುಕು ಗುಡಿಸಿದ್ದಾಯಿತು. ಸುಲಿದ ಸಿಪ್ಪೆ ಮಾತ್ರ ಆಗಲೇ ಗಾಡಿಯೇರಿ ಇಟ್ಟಿಗೆ ಗೂಡಿನ ಬೆಂಕಿಗೆ ಹೊರಟಿತ್ತು. ರುದ್ರಯ್ಯನವರು ಬರಿಗಾಲಲ್ಲಿ ಓಡಿದರು. ಆ ದಿನ ಅವರ ಎದೆಗೂ ಕಾಲಿಗೂ ಅಂತರವಿರಲಿಲ್ಲ.

"ಏನ್ ಕಳ್ಕಂಡ್ರಿ ಸಾವ್ಕಾರ್ರೆ?" ಕೆಂಚಯ್ಯ ಎತ್ತು ನಿಲ್ಲಿಸಿ ಕೇಳಿದ.

ಕಲ್ಲು ಎನ್ನಲು ಹೋದರು, ನಾಲಗೆ ಹೊರಳಲಿಲ್ಲ. "ನನ್ ಸಿವನ್ನ ಕಣಪ್ಪಾ," ಎಂದವರೇ ನಡುಬೀದಿಯಲ್ಲಿ ಗೊಳೋ ಎಂದು ಅತ್ತುಬಿಟ್ಟರು.

ಗಾಡಿಯ ಸಿಪ್ಪೆಯನ್ನೆಲ್ಲ ರಸ್ತೆಗೆ ಸುರಿದು ಹುಡುಕಿದಾಗ, ನಾರಿನಲ್ಲಿ ಸಿಕ್ಕಿಕೊಂಡ ಕರಡಿಗೆ ತಳದಲ್ಲಿ ಕೈಗೆ ತಗುಲಿತು. ಅಭ್ಯಾಸಬಲದಿಂದ ಕೈ ಬಲಗಿವಿಯತ್ತ ಏರಿತು. ಅರ್ಧದಲ್ಲೇ ನಿಂತಿತು. ಅಲುಗಿಸದೆ, ಮೆಲ್ಲಗೆ ಅದನ್ನು ಎದೆಗಿಳಿಸಿಕೊಂಡರು. ಮನೆಗೆ ಬಂದು ಮಿಂದು ಪೂಜೆಗೆ ಕೂತಾಗ ಅವ್ವನ ನಗೆಯೇನೂ ಬರಲಿಲ್ಲ. ಕಣ್ಣೀರು ಬಂತು, ಈ ಸಲ ಅದನ್ನು ಗದರಲಿಲ್ಲ. ಆಮೇಲೆ ಗಂಡ ಹೆಂಡತಿ ಇಬ್ಬರೂ ತಣ್ಣಗಾದ ಮುದ್ದೆ ಉಂಡರು.

ತಿರುಗಾಟ ನಿಂತಿತೇ? ಎಲ್ಲಿ ಬಂತು! ಮುಂದಿನ ವಾರವೇ ಹೊಳೆನರಸೀಪುರದ ಬಸ್ಸು ಹತ್ತಿದರು. ಆದರೆ ಅಂದು ಪಾಠ ಮುಗಿಯುವವರೆಗೂ ಕೂತು, ಬಸ್ಸು ತಪ್ಪಿಸಿಕೊಂಡು, ಮೇಷ್ಟರ ಜಗಲಿಯ ಮೇಲೇ ಮಲಗಿದರು.

ರುದ್ರಯ್ಯನವರಂಥವರು ನಮ್ಮ ನಡುವೆ ವಿರಳವೇನಲ್ಲ. ಅವರ ಚಂಚಲತೆಯನ್ನು ಕಂಡು ಭಕ್ತರು ಅವರನ್ನು ಸಂದೇಹಿಗಳೆನ್ನುತ್ತಾರೆ, ಜ್ಞಾನಿಗಳು ಅವರನ್ನು ಮೂಢರೆನ್ನುತ್ತಾರೆ. ಇಬ್ಬರ ಬೈಗುಳವನ್ನೂ ತಿಂದು ಅವರು ಊರೂರು ಸುತ್ತುತ್ತಲೇ ಇರುತ್ತಾರೆ. ಇಲ್ಲ, ಇಲ್ಲ ಎಂದು ಜಗತ್ತಿನೆದುರು ವಾದಿಸುತ್ತ ಅಷ್ಟು ದೂರ ನಡೆಯುವ ಧೈರ್ಯ ಅವರಿಗೆ ಬರುವುದು, ಬಿಟ್ಟು ಬಂದದ್ದು ಮನೆಯ ಅಟ್ಟದ ಮೇಲೆ ಭದ್ರವಾಗಿದೆ ಎಂಬ ನಂಬಿಕೆಯಿಂದಲೇ.