ಕೊನೆಯ ಗಾಡಿಯ ಹಿಂದಿನ ಸೀಟು

ಮೋಟಾರ್ ಸೈಕಲ್ ಕ್ಲಬ್ಬಿನವರು ಭಾನುವಾರ ಸವಾರಿ ಹೊರಟರೆ ದಾರಿ ಗೊತ್ತಿರುವುದು ಮುಂದಿನ ಗಾಡಿಯವನಿಗೆ ಮಾತ್ರ. ಹಿಂದಿನವರು ದಿಕ್ಕು ತಪ್ಪಬಾರದಲ್ಲ, ಅದಕ್ಕೊಂದು ಕಟ್ಟಳೆ ಮಾಡಿಕೊಂಡಿದ್ದರು. ರಸ್ತೆ ಕವಲೊಡೆದ ಕಡೆಯಲ್ಲೆಲ್ಲ, ಮುಂದಿನ ಗಾಡಿಯ ಬೆನ್ನಿಗಿರುವವನು ಆ ಮೂಲೆಯಲ್ಲಿ ನಿಂತುಬಿಡಬೇಕು. ಬಂದವರಿಗೆಲ್ಲ ಈ ಕಡೆ ಎಂದು ಕೈ ತೋರಿಸಬೇಕು. ಎಲ್ಲರೂ ದಾಟಿ, ಕಟ್ಟಕಡೆಯ ಗಾಡಿ ಬಂದು ‘ನಡಿ’ ಅಂದಮೇಲೆಯೇ ಅವನಿಗೆ ಬಿಡುಗಡೆ. ಅಲ್ಲಿಯತನಕ ಬಿಸಿಲು ಸುಡಲಿ, ನಾಯಿ ಅಟ್ಟಿಸಿಕೊಂಡು ಬರಲಿ, ಜಾಗ ಬಿಡುವಂತಿಲ್ಲ.

ಮುಂದಿನ ಗಾಡಿ ಹಲ್ಲಿನ ಡಾಕ್ಟರದು. ಕ್ಲಬ್ಬು ಕಟ್ಟಿದವರೂ ಅವರೇ. ಕಟ್ಟಕಡೆಯ ಗಾಡಿ ಸೀಟಪ್ಪನವರದು. ಬಸ್ಸು, ಕಾರು, ಬೈಕುಗಳ ಸೀಟು ಹೊಲಿಯುವ ಕಸುಬಾದ್ದರಿಂದ ಆ ಹೆಸರು ಬಂದಿತ್ತು. ಅವರ ಬೆನ್ನ ಹಿಂದೆ ಕೂತು ಬರುತ್ತಿದ್ದವರು ಡಾಕ್ಟರ ಹೆಂಡತಿಯ ತಾಯಿ. ಡಾಕ್ಟರು ಅತ್ತೆ ಎನ್ನುತ್ತಿದ್ದರು; ಕೇಳಿ ಕೇಳಿ ಎಲ್ಲರೂ ಹಾಗೇ ಕರೆದು, ಆಕೆ ಇಡೀ ಕ್ಲಬ್ಬಿಗೇ ಅತ್ತೆಯಾಗಿ ಕೂತರು.

ಮೊದಲನೆಯ ಸಲ ಅತ್ತೆ ಅಳಿಯನ ಹಿಂದೆಯೇ ಕೂತಿದ್ದರು. ಟೀ ಕುಡಿಯಲು ನಿಲ್ಲಿಸಿದಾಗ ಇಳಿದು, ಬಟ್ಟೆ ಕೊಡವಿಕೊಂಡು, “ಅಳಿಯಂದ್ರೇ, ನೀವು ಓಡ್ಸೋದು ಚೆನ್ನಾಗೇ ಇದೆ. ನನಗೇ ಇನ್ನೂ ಸ್ವಲ್ಪ ಬದುಕೋ ಆಸೆ” ಎಂದರು. ಆಮೇಲೆ ಅಲ್ಲಿದ್ದ ಗಾಡಿಗಳನ್ನೆಲ್ಲ ತರಕಾರಿ ಆರಿಸುವವರ ಹಾಗೆ ನೋಡುತ್ತ ಹೋಗಿ, ಎಲ್ಲರಿಗಿಂತ ನಿಧಾನವಾಗಿ ಬಂದು ನಿಂತದ್ದು ಯಾವುದೋ ಅದನ್ನು ಹತ್ತಿದರು. ಅವತ್ತಿನಿಂದ ಆ ಸೀಟು ಅವರದಾಯಿತು.

ಸೀಟಪ್ಪನವರಿಗೆ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಅತ್ತೆಯ ಯಜಮಾನರು ಹೋಗಿ ಅದಕ್ಕಿಂತ ಹೆಚ್ಚು ಕಾಲವಾಗಿತ್ತು. ಸೀಟಪ್ಪನವರು ಮಾತಿನ ಮನುಷ್ಯರಲ್ಲ. ಎಲ್ಲರ ಹಾಗೆ ಅತ್ತೆ ಎನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ, ಹೆಸರು ಹಿಡಿದು ಕರೆಯಲು ಧೈರ್ಯ ಬರುತ್ತಿರಲಿಲ್ಲ. ಹಾಗಾಗಿ “ಇವರೇ” ಎಂದು ಕರೆಯುತ್ತಿದ್ದರು. ಅದನ್ನು ಕೇಳಿ ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಒಂದು ಭಾನುವಾರ ಅತ್ತೆ ಕೂತಾಗ ಹಿಂದಿನ ಸೀಟು ಹಾಸಿಗೆಯಂತೆ ಮೆತ್ತಗಾಗಿತ್ತು. ಎರಡು ಪದರ ಹೊಸ ಸ್ಪಂಜು, ಅಂಚಿಗೆ ಕಣ್ಣಿಗೆ ಕಾಣದ ಹೊಲಿಗೆ. ಅತ್ತೆ ಏನೂ ಕೇಳಲಿಲ್ಲ. ಸೀಟಪ್ಪನವರೂ ಏನೂ ಹೇಳಲಿಲ್ಲ. ಅತ್ತೆಯ ಸೊಂಟ ನೋವು ಮಾತ್ರ ಹೋಯಿತು.

ಕೊನೆಯ ಗಾಡಿಯಲ್ಲಿ ಕೂತರೆ ಇನ್ನೊಂದು ಸುಖವಿತ್ತು. ಮೂಲೆಯಲ್ಲಿ ಒಂಟಿಯಾಗಿ ನಿಂತು ಕಾದ ಮನುಷ್ಯನಿಗೆ ಮನಸ್ಸಿನಲ್ಲಿ ಏನೇನೋ ಎದ್ದಿರುತ್ತದೆ. ಮೊದಲು ಕಂಡವರ ಹತ್ತಿರ ಅದನ್ನು ಹೇಳಿಬಿಡುತ್ತಾನೆ. ಊರಿಗೆಲ್ಲ ಕೂದಲು ಕತ್ತರಿಸುವ ಸಲೂನಿನವನು ತನ್ನ ತಲೆಯ ಮೇಲಿರುವುದು ವಿಗ್ಗು ಎಂದು ಹೇಳಿದ್ದು ಒಂದು ಮೂಲೆಯಲ್ಲಿ. ಶಾಲೆಯ ಮಕ್ಕಳ ಬೆವರಿಳಿಸುವ ಡ್ರಿಲ್ ಮೇಡಂ ತಾನು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತೇನೆ ಎಂದದ್ದು ಇನ್ನೊಂದು ಮೂಲೆಯಲ್ಲಿ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ತಲೆ ಹಣ್ಣು ಮಾಡಿಕೊಂಡವರು. ಊರಿನವರ ಮಾತೆಲ್ಲ ಕಿವಿಯ ಮೇಲೆ ಬಿದ್ದರೂ ಒಂದನ್ನೂ ಆಚೆ ಬಿಟ್ಟವರಲ್ಲ. ಅದು ಗೊತ್ತಿದ್ದೇ ಜನ ಹೇಳಿಕೊಳ್ಳುತ್ತಿದ್ದರು.

ಅತ್ತೆಯದೂ ಒಂದು ಗುಟ್ಟಿತ್ತು. ಎಲ್ಲಿಗೆ ಹೊರಟರೂ ಕ್ಲಬ್ಬಿನ ದಾರಿ ಕಾಲುವೆ ಸೇತುವೆ ದಾಟಿಯೇ ಹೋಗಬೇಕು. ಸೇತುವೆಯ ಪಕ್ಕದಲ್ಲಿ ಕಾಲುವೆ ಏರಿಯ ಮೇಲೆ ಒಂದು ಮಣ್ಣಿನ ದಾರಿ. ಅಲ್ಲಿ ಜನವಿಲ್ಲ, ತಿರುವಿಲ್ಲ. ಉಳಿದ ಗಾಡಿಗಳು ಮರೆಯಾದ ಮೇಲೆ ಸೀಟಪ್ಪನವರು ಅದಕ್ಕೆ ಇಳಿಸಿ, ತಾವು ಹಿಂದೆ ಸರಿದು, ಅತ್ತೆಯನ್ನು ಮುಂದೆ ಕೂರಿಸುತ್ತಿದ್ದರು. ಅತ್ತೆ ಗಾಡಿ ಓಡಿಸುವುದನ್ನು ಕಲಿಯುತ್ತಿದ್ದರು. ಒಂದಿಷ್ಟು ದೂರ ಹೋಗುವುದು, ತಿರುಗಿಸಿಕೊಂಡು ಬರುವುದು, ಜಾಗ ಬದಲಾಯಿಸಿ ಏನೂ ಅರಿಯದವರ ಹಾಗೆ ಮುಂದಿನ ಮೂಲೆಗೆ ಹೋಗುವುದು. ಕೊನೆಯ ಗಾಡಿ ವಾರದಿಂದ ವಾರಕ್ಕೆ ತಡವಾಗುತ್ತಿದೆಯೆಂದು ಮೂಲೆ ಕಾಯುವವರಿಗೆ ಗೊತ್ತಿತ್ತು. ಯಾರೂ ಗೊಣಗಲಿಲ್ಲ. ಅವರು ಊಹಿಸಿದ್ದೇ ಬೇರೆ. ಅದೂ ಪೂರ್ತಿ ಸುಳ್ಳಲ್ಲ ಅನ್ನಿ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ, ಪೆಟ್ರೋಲ್ ಬಂಕಿನಲ್ಲಿ ಎಲ್ಲರೂ ಸೇರಿದ್ದಾಗ ಡಾಕ್ಟರು ಕೈ ತಟ್ಟಿ ನಿಲ್ಲಿಸಿದರು.

“ಒಂದು ವಿಷಯ. ಮುಂದಿನ ವಾರದಿಂದ ಈ ಮೂಲೆ ಕಾಯೋ ಕೆಲಸ ಬೇಡ. ಎಲ್ಲರ ಫೋನಿಗೂ ನಕ್ಷೆ ಹಾಕ್ಕೊಡ್ತೀನಿ, ಅದೇ ದಾರಿ ಹೇಳತ್ತೆ. ಕೊನೆ ಗಾಡಿ ಅಂತ ಒಂದು ಬೇಕಾಗೇ ಇಲ್ಲ. ಅತ್ತೆಗೂ ವಯಸ್ಸಾಯ್ತು, ಇನ್ಮೇಲೆ ಊಟದ ಡಬ್ಬಿ ಬರೋ ಕಾರಲ್ಲಿ ಮಗಳ ಜೊತೆ ಆರಾಮಾಗಿ ಬರಲಿ. ಊಟ ಆದ್ಮೇಲೆ ಕೈ ಎತ್ತಿಸಿ ತೀರ್ಮಾನ ಮಾಡೋಣ.”

“ನಕ್ಷೆಗೆ ನಮ್ಮ ಕಷ್ಟಸುಖ ಹೇಳ್ಕೋಬಹುದಾ ಡಾಕ್ಟ್ರೇ?” ಎಂದ ಸಲೂನಿನವನು.

“ನೀನು ಬಾಯಿ ಮುಚ್ಕೊಂಡು ಹೆಲ್ಮೆಟ್ ಹಾಕ್ಕೋ.”

ಅತ್ತೆಗೆ ಡಬ್ಬಿಗಳ ನಡುವೆ ತಾನೂ ಒಂದು ಡಬ್ಬಿಯಾಗಿ ಕೂತು ಬರುವುದು ಕಣ್ಣಿಗೆ ಕಟ್ಟಿತು. ವಾರದಲ್ಲಿ ಆರು ದಿನ ಅವರು ಯಾರದೋ ಅಮ್ಮ, ಯಾರದೋ ಅಜ್ಜಿ. ಆ ಸೀಟಿನ ಮೇಲೆ ಮಾತ್ರ ತಮ್ಮ ಪಾಡಿಗೆ ತಾವು. ಅದೂ ಹೋದರೆ ಭಾನುವಾರಕ್ಕೂ ಸೋಮವಾರಕ್ಕೂ ಏನು ವ್ಯತ್ಯಾಸ ಉಳಿಯಿತು? ಸೀಟಪ್ಪನವರ ಕಡೆ ನೋಡಿದರು. ಅವರು ಏನೂ ಆಗಿಲ್ಲದ ಕನ್ನಡಿಯನ್ನು ಒರೆಸುತ್ತ ನಿಂತಿದ್ದರು.

ಕಾಲುವೆ ಸೇತುವೆ ಬಂತು. ಗಾಡಿ ಮಣ್ಣಿನ ದಾರಿಗೆ ಇಳಿಯಿತು. ಅತ್ತೆ ಮುಂದೆ ಕೂತು ಹ್ಯಾಂಡಲ್ ಹಿಡಿದರು.

“ಇವತ್ತೇ ಕೊನೆ ಅಂತಾದ್ರೆ, ತುದೀವರೆಗೂ ಹೋಗೇಬಿಡೋಣ” ಎಂದರು.

“ತುದಿ ಎಲ್ಲಿದೆ ಅಂತ ನನಗೂ ಗೊತ್ತಿಲ್ಲ ಇವರೇ.”

“ಹೋದ್ರೆ ಗೊತ್ತಾಗತ್ತೆ.”

ಅವತ್ತು ಅತ್ತೆ ಮೊದಲ ಬಾರಿಗೆ ಮೂರನೇ ಗೇರಿಗೆ ಹಾಕಿದರು. ಕಾಲುವೆಯ ನೀರು ಒಂದು ಕಡೆ, ಹುಲ್ಲು ಒಂದು ಕಡೆ, ಎರಡೂ ಹಿಂದಕ್ಕೆ ಓಡಿದವು. ಸೀಟಪ್ಪನವರು ಹಿಂದಿನಿಂದ “ಕ್ಲಚ್ಚು, ಕ್ಲಚ್ಚು” ಎನ್ನುತ್ತಿದ್ದವರು ಸ್ವಲ್ಪ ಹೊತ್ತಿಗೆ ಅದನ್ನೂ ನಿಲ್ಲಿಸಿ ಸುಮ್ಮನೆ ಕೂತರು. ಗಾಡಿ ತಿರುಗಿಸುವ ಜಾಗ ಬಂದು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ತಿಳಿಯಲಿಲ್ಲವೋ, ತಿಳಿಯುವ ಮನಸ್ಸಾಗಲಿಲ್ಲವೋ.

ಕಾಲುವೆಯ ದಾರಿ ಮುಗಿದು ಡಾಂಬರು ರಸ್ತೆ ಸಿಕ್ಕಿತು. ಅದರಲ್ಲಿ ಒಂದಿಷ್ಟು ದೂರ ಹೋದರೆ ಒಂದು ಇಟ್ಟಿಗೆ ಗೋಡೆ. ಗೋಡೆಯಾಚೆ ಪರಿಚಯದ ನಗು, ಪರಿಚಯದ ಹಾರನ್ನು. ಅವತ್ತು ಊಟಕ್ಕೆಂದು ಗೊತ್ತುಮಾಡಿದ್ದ ತೋಟವೇ ಅದು.

ಸೀಟಪ್ಪನವರ ಮುಖ ಸುಣ್ಣದಂತಾಯಿತು. “ಇವರೇ, ಮೂಲೆಯಲ್ಲಿ ನಿಂತವರು?”

ಅತ್ತೆಗೆ ಆಗ ನೆನಪಾಯಿತು. ಸೇತುವೆಯಿಂದ ತೋಟಕ್ಕೆ ಮೂರು ಕವಲು ಎಂದು ಬೆಳಿಗ್ಗೆ ಅಳಿಯ ಹೇಳಿದ್ದರು. ಮೂರು ಕವಲಿಗೆ ಮೂವರು. ಕೊನೆಯ ಗಾಡಿ ಬಂದು ಬಿಡುಗಡೆ ಮಾಡುತ್ತದೆಂದು ಇನ್ನೂ ಕಾಯುತ್ತಿರುತ್ತಾರೆ. ಇಬ್ಬರೂ ಗಡಿಬಿಡಿಯಲ್ಲಿ ಜಾಗ ಬದಲಾಯಿಸಿದರು. ಹಿಂದಕ್ಕೆ ಹೋಗಿ ಅವರನ್ನು ಕರೆತರೋಣ ಎಂದು ಗಾಡಿ ತಿರುಗಿಸುವಷ್ಟರಲ್ಲಿ ಗೇಟಿನಲ್ಲಿ ಅಳಿಯ ನಿಂತಿದ್ದರು.

“ಬಂದ್ರಾ, ಬನ್ನಿ ಬನ್ನಿ. ಸರಿ, ಎಲ್ಲರೂ ಬಂದ ಹಾಗಾಯ್ತು, ಡಬ್ಬಿ ತೆಗೀರಿ.” ಹೀಗೆಂದ ಡಾಕ್ಟರು ಒಳಗೆ ನಿಂತ ಗಾಡಿಗಳ ಮೇಲೆ ಒಮ್ಮೆ ಕಣ್ಣಾಡಿಸಿದರು. ಹುಬ್ಬು ಗಂಟಾಯಿತು. “ಸಲೂನಿನವನೆಲ್ಲಿ? ಮೇಡಂ? ಗೊರಕೆ ಎಲ್ಲಿ?”

ಗೊರಕೆ ಎಂದರೆ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ ಮಾಡುವವನು. ಕೂತಲ್ಲಿ, ನಿಂತಲ್ಲಿ ನಿದ್ದೆ ಹೊಡೆಯುವ ಪ್ರಾಣಿ.

ಉಳಿದವರು ಡಬ್ಬಿಗಳ ಕಡೆ ತಿರುಗಿದರು.

“ನೀವು ಕೊನೆಯವರು” ಎಂದರು ಡಾಕ್ಟರು, ಬಾಯಿ ತೆರೆಸಿ ಹಲ್ಲು ಎಣಿಸುವಷ್ಟು ಸಾವಧಾನವಾಗಿ. “ನೀವು ಬಂದಾಯ್ತು. ನಿಮ್ಮ ಮುಂದೆ ಇರಬೇಕಾದವರು ಬಂದಿಲ್ಲ. ಇದು ಹೇಗೆ ಸೀಟಪ್ಪನವರೇ?”

ಸೀಟಪ್ಪನವರು ಹೆಲ್ಮೆಟ್ಟಿನ ಒಳಗಿನ ಬಟ್ಟೆ ಸರಿಮಾಡತೊಡಗಿದರು. ಡಾಕ್ಟರು ಒಬ್ಬೊಬ್ಬರಿಗೂ ಫೋನ್ ಮಾಡಿ, “ಬಿಡುಗಡೆ, ಬನ್ನಿ” ಎಂದು ದಾರಿ ಹೇಳಿ ಕರೆಸಿದರು.

ಮೊದಲು ಬಂದವನು ಸಲೂನಿನವನು. ಅತ್ತೆಯ ಮುಖ ನೋಡಿದ, ಸೀಟಪ್ಪನವರ ಮುಖ ನೋಡಿದ, ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ ಶುರುಮಾಡಿದ. “ನನ್ನ ಗಾಡಿ ಸ್ಟಾರ್ಟೇ ಆಗ್ಲಿಲ್ಲ ಡಾಕ್ಟ್ರೇ. ಇವರು ಬಂದ್ರು. ನಾನೇ, ನೀವು ಹೋಗಿ, ನಾನು ನೋಡ್ಕೋತೀನಿ ಅಂದೆ.”

ಆಮೇಲೆ ಬಂದ ಡ್ರಿಲ್ ಮೇಡಂ ಇದನ್ನು ಕೇಳಿಸಿಕೊಂಡಿರಲಿಲ್ಲ. “ನನಗೆ ತಲೆ ಸುತ್ತು ಬಂತು. ಇವರು ನೀರು ಕೊಟ್ರು. ನಾನೇ ಕಳಿಸಿದೆ.”

ಕೊನೆಗೆ ಗೊರಕೆ ಬಂದ. ಕೆನ್ನೆಯ ಮೇಲೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಗುರುತು ಹಾಗೇ ಅಚ್ಚಾಗಿತ್ತು. “ನಿದ್ದೆ ಮಾಡ್ತಿದ್ದೆ” ಎಂದ. ಮೂವರಲ್ಲಿ ನಿಜ ಹೇಳಿದವನು ಅವನೊಬ್ಬನೇ. ಡಾಕ್ಟರು ನಂಬದೆ ಹೋದದ್ದೂ ಅವನೊಬ್ಬನನ್ನೇ.

“ಅಂದ್ರೆ ಗಾಡಿ ಕೆಟ್ಟವನನ್ನ ಬಿಟ್ಟು ಬಂದ್ರಿ” ಎಂದರು ಡಾಕ್ಟರು, ಸೀಟಪ್ಪನವರ ಕಡೆಗೆ ತಿರುಗಿ. “ತಲೆ ಸುತ್ತಿದವರನ್ನ ರಸ್ತೆಯಲ್ಲಿ ಬಿಟ್ಟು ಬಂದ್ರಿ. ಕೊನೆ ಗಾಡಿ ಇರೋದೇ ಯಾರನ್ನೂ ಬಿಟ್ಟು ಬರಬಾರದು ಅಂತ. ಇದಕ್ಕಿಂತ ಫೋನೇ ವಾಸಿ ಅಲ್ವಾ? ಕೈ ಎತ್ತಿ ನೋಡೋಣ.”

ಸಲೂನಿನವನು ತುಟಿ ಕಚ್ಚಿಕೊಂಡ. ಉಪಕಾರ ಮಾಡಲು ಹೋಗಿ ಸೀಟಪ್ಪನವರ ಕುತ್ತಿಗೆಗೇ ತಂದಿಟ್ಟಿದ್ದ. ಇಷ್ಟು ವರ್ಷ ಒಬ್ಬರನ್ನೂ ಹಿಂದೆ ಬಿಟ್ಟು ಬಾರದ ಮನುಷ್ಯ ತಲೆ ತಗ್ಗಿಸಿ ನಿಂತಿದ್ದರು. ಆಗಲಿ ಎನ್ನುವಂತೆ ಅದನ್ನೂ ಹೊತ್ತುಕೊಳ್ಳುವ ಹಾಗೆ ಕಂಡರು. ಅದನ್ನು ನೋಡಿ ಅತ್ತೆಗೆ ತಡೆಯಲಾಗಲಿಲ್ಲ. ಸೀಟು ಹೋದರೆ ಹೋಗಲಿ, ಈ ಮಾತು ಅವರ ಮೇಲೆ ಉಳಿಯಬಾರದು.

“ಕೈ ಇಳಿಸಿ” ಎಂದರು ಅತ್ತೆ, ಮೇಲೇಳುತ್ತಿದ್ದ ಒಂದೆರಡು ಕೈಗಳನ್ನು ನೋಡಿ. “ಅಳಿಯಂದ್ರೇ, ಇವರು ಯಾರನ್ನೂ ಬಿಟ್ಟು ಬರ್ಲಿಲ್ಲ. ಗಾಡಿ ಓಡಿಸ್ತಿದ್ದವಳು ನಾನು. ಕಾಲುವೆ ಏರಿ ಮೇಲೆ. ಖುಷೀಲಿ ತಿರುಗಿಸೋದು ಮರೆತೆ.”

ಡಾಕ್ಟರ ಬಾಯಿ, ಅವರ ಕುರ್ಚಿಯಲ್ಲಿ ಕೂತ ರೋಗಿಯ ಬಾಯಿಯಂತೆ ತೆರೆದೇ ಇತ್ತು. “ನೀವಾ? ಲೈಸೆನ್ಸು?”

ಅತ್ತೆ ಕೈಚೀಲದಿಂದ ಕಲಿಯುವವರ ಲೈಸೆನ್ಸು ತೆಗೆದರು. ಅದರ ಜೊತೆಗೇ ಕಲಿಯುವವರು ಗಾಡಿಗೆ ಅಂಟಿಸುವ ಕೆಂಪು ‘ಎಲ್’ ಅಕ್ಷರದ ಎರಡು ಚೀಟಿಗಳೂ ಬಂದವು.

“ಪರೀಕ್ಷೆಗೆ ನಾನೇ ಕರ್ಕೊಂಡು ಹೋಗಿದ್ದೆ” ಎಂದರು ಡ್ರಿಲ್ ಮೇಡಂ, ಆಕಾಶ ನೋಡುತ್ತ.

ಡಾಕ್ಟರು ಹೆಂಡತಿಯ ಕಡೆ ತಿರುಗಿದರು. ಅವಳು ಕಾರಿನ ಹಿಂದೆ ನಿಂತು ಬ್ರೆಡ್ಡು, ಬಾಳೆಹಣ್ಣು ಇಳಿಸುತ್ತಿದ್ದಳು. “ಕೇಳಿಸ್ತಾ ನಿಮ್ಮಮ್ಮ ಹೇಳಿದ್ದು?”

“ಅಮ್ಮನ ಪ್ಯಾಂಟಿನ ಗ್ರೀಸ್ ಕಲೆ ತೆಗೆಯೋದು ಯಾರು ಅಂದ್ಕೊಂಡಿದ್ದೀರಿ? ನನಗೆ ಯಾವಾಗ್ಲೋ ಗೊತ್ತು.”

“ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?”

“ನೀವು ಯಾವಾಗ್ಲೂ ಮುಂದೆ ಇರ್ತೀರಲ್ಲ, ಸಿಕ್ಕಬೇಕಲ್ಲ ಹೇಳೋಕೆ.”

ಎಲ್ಲರೂ ನಕ್ಕರು. ಡಾಕ್ಟರು ಮಾತ್ರ ನಗಲಿಲ್ಲ. ಬ್ರೆಡ್ಡು ಬೇಡವೆಂದು ಒಂದು ಬಾಳೆಹಣ್ಣು ತೆಗೆದುಕೊಂಡು, ಒಂದೇ ದವಡೆಯಲ್ಲಿ ಮೆಲ್ಲಗೆ ಅಗಿಯುತ್ತ ದೂರ ಕೂತರು. ಅತ್ತೆ ಹತ್ತಿರ ಹೋದರು.

“ಕ್ಲಬ್ಬು ನಿಮ್ಮದು, ನೀವು ಹೇಳಿದ ಹಾಗೇ ಆಗ್ಲಿ. ಡಬ್ಬಿ ಜೊತೆ ಕೂತ್ಕೋತೀನಿ. ಆದ್ರೆ ನೀವು ಒಂದ್ಸಲಾನೂ ಮೂಲೇಲಿ ನಿಂತವರಲ್ಲ. ಹೋಗ್ತಾ ಒಂದ್ಸಲ ನಿಂತು ನೋಡಿ. ಆಮೇಲೆ ಕೈ ಎತ್ತಿಸಿ.”

“ನಿಲ್ಲೋದ್ರಲ್ಲಿ ಏನಿದೆ ಅತ್ತೆ? ನಿಂತೆ ಅನ್ನಿ.”

ವಾಪಸು ಹೊರಟಾಗ ಡ್ರಿಲ್ ಮೇಡಂ ಮುಂದಾದರು, ಸೀಟಿ ಊದಿ ಹೊರಡಿಸಿದರು. ಅವರ ಬೆನ್ನಿಗೆ ಡಾಕ್ಟರು. ಮೊದಲ ಕವಲಿನಲ್ಲೇ ಅವರ ಸರದಿ ಬಂತು. ಅದು ಕಾಲುವೆ ದಾರಿ ಬಂದು ಡಾಂಬರಿಗೆ ಸೇರುವ ಮೂಲೆ; ಬರುವಾಗ ನೇರ ರಸ್ತೆಯೆಂದು ಅಲ್ಲಿ ಯಾರನ್ನೂ ನಿಲ್ಲಿಸಿರಲಿಲ್ಲ.

ತೋಟದ ಗೇಟಿನಲ್ಲಿ ಸೀಟಪ್ಪನವರು ಕೀಲಿಕೈಯನ್ನು ಅತ್ತೆಯ ಕೈಗಿಟ್ಟು, ಕೆಂಪು ಅಕ್ಷರದ ಚೀಟಿಗಳನ್ನು ಮುಂದೆ ಒಂದು, ಹಿಂದೆ ಒಂದು ಅಂಟಿಸಿದರು. “ಇನ್ನೇನು ಮುಚ್ಚುಮರೆ ಇವರೇ.” ಎಲ್ಲರೂ ಹೋದ ಮೇಲೂ ಅತ್ತೆ ಅವಸರ ಮಾಡಲಿಲ್ಲ. ಒಂದು ಲೋಟ ಟೀ ಬಗ್ಗಿಸಿಕೊಂಡು ಕುಡಿದರು. ಇನ್ನರ್ಧ ಲೋಟವನ್ನೂ ಕುಡಿದರು.

ಮೂಲೆಗೆ ಬಂದಾಗ ಅಳಿಯ ಜಾಕೆಟ್ ಬಿಚ್ಚಿ ಮೈಲಿಗಲ್ಲಿನ ಮೇಲೆ ಕೂತಿದ್ದರು. ಎಡಗೆನ್ನೆಗೆ ಕೈ ಹಚ್ಚಿಕೊಂಡಿದ್ದರು. ಹ್ಯಾಂಡಲ್ ಹಿಡಿದ ಅತ್ತೆಯನ್ನು ಕಂಡರೂ ಏಳಲಿಲ್ಲ.

“ಅತ್ತೆ, ಇಲ್ಲಿ ಒಬ್ಬನೇ ಕೂತ್ರೆ ಏನೇನೋ ತಲೆಗೆ ಬರತ್ತೆ.”

“ಬರತ್ತೆ.”

“ಒಂದು ಮಾತು. ಯಾರಿಗೂ ಹೇಳ್ಬಾರದು.”

“ನಾನು ಎಕ್ಸ್‌ಚೇಂಜಿನಲ್ಲಿದ್ದವಳು.”

ಡಾಕ್ಟರು ಸೀಟಪ್ಪನವರನ್ನು ನೋಡಿದರು. ಸೀಟಪ್ಪನವರು ಕಾಲುವೆ ನೋಡತೊಡಗಿದರು.

“ದವಡೆ ಹಲ್ಲು ನೋಯ್ತಿದೆ, ಎರಡು ತಿಂಗಳಿಂದ. ಇನ್ನೊಬ್ಬ ಡಾಕ್ಟ್ರ ಹತ್ರ ಹೋಗಿ ಕುರ್ಚಿ ಮೇಲೆ ಕೂರೋಕೆ... ಅತ್ತೆ, ನನಗೆ ಭಯ.”

ಅತ್ತೆಗೆ ಒಳಗಿನಿಂದ ಉಕ್ಕಿ ಬಂದ ನಗುವನ್ನು ಇಡೀ ಎಕ್ಸ್‌ಚೇಂಜಿನ ಅನುಭವ ಸೇರಿ ತಡೆಯಿತು. “ನಾಳೆ ನಾನು ಕರ್ಕೊಂಡು ಹೋಗ್ತೀನಿ” ಎಂದರು. “ಕೈ ಹಿಡ್ಕೊಂಡು ಕೂತಿರ್ತೀನಿ.”

“ಗಾಡಿಯಲ್ಲಾ?”

“ನಡ್ಕೊಂಡೇ ಹೋಗೋಣ, ಭಯ ಒಂದು ಸಾಕು.”

ಡಾಕ್ಟರು ಎದ್ದು ಜಾಕೆಟ್ ಹಾಕಿಕೊಂಡರು. ಅವರ ಕಣ್ಣು ಸೀಟಿನ ಮೇಲೆ ಬಿತ್ತು. ಹಿಂದಿನ ಅರ್ಧ ದಿಂಬಿನಂತೆ ಉಬ್ಬಿತ್ತು. ಈಗೀಗ ಮುಂದಿನ ಅರ್ಧಕ್ಕೂ ಒಂದು ಪದರ ಏರಿತ್ತು. ಹೊಲಿಗೆಯ ಅಂಚನ್ನು ಬೆರಳಿನಿಂದ ಸವರಿ ನೋಡಿದರು. ಏನೋ ಕೇಳಲು ಬಾಯಿ ತೆರೆದವರು, ಅತ್ತೆಯ ಮುಖ ನೋಡಿ, ಸೀಟಪ್ಪನವರ ಕೆಂಪಾದ ಕಿವಿ ನೋಡಿ, ಬಾಯಿ ಮುಚ್ಚಿದರು.

“ಕೈ ಎತ್ತಿಸೋ ವಿಷಯ?” ಎಂದರು ಅತ್ತೆ.

“ಯಾವ ವಿಷಯ?” ಎಂದರು ಅಳಿಯ. “ನನ್ನ ಬಿಡುಗಡೆ ಮಾಡಿ ಅತ್ತೆ, ಹೊತ್ತಾಯ್ತು.”

“ನಡೀರಿ.”

ಅಳಿಯನ ಗಾಡಿ ತಿರುವಿನಲ್ಲಿ ಮರೆಯಾಯಿತು. ಎಡಕ್ಕೆ ಕಾಲುವೆಯ ದಾರಿ ಖಾಲಿ ಬಿದ್ದಿತ್ತು. ಅತ್ತೆ ಅದನ್ನೇ ನೋಡಿದರು.

“ಮುಂದಿನ ಮೂಲೇಲಿ ಯಾರಿದ್ದಾರೆ?”

“ಗೊರಕೆ” ಎಂದರು ಸೀಟಪ್ಪನವರು. “ಇಷ್ಟೊತ್ತಿಗೆ ಮಲಗಿರ್ತಾನೆ ಇವರೇ. ಎಬ್ಬಿಸೋದು ಪಾಪ.”

ಅತ್ತೆ ಎಡಗಡೆಯ ಇಂಡಿಕೇಟರ್ ಹಾಕಿದರು.

“ಈ ಸಲ ಅರ್ಧದಿಂದ ವಾಪಸ್ ಬರೋಣ.”

“ಬರೋಣ” ಎಂದು ಸೀಟಪ್ಪನವರು ತಾವೇ ಹೊಲಿದ ಮೆತ್ತನೆಯ ಸೀಟಿನ ಮೇಲೆ ಸರಿಯಾಗಿ ಕೂತುಕೊಂಡರು.