ನಡುವೆ ನಿಲ್ಲದ ಕಡ್ಡಿ

ನಾನು ಒಂದು ಗೇಮ್ ಕಂಟ್ರೋಲರ್. ಡಬ್ಬಿಯ ಮೇಲೆ ಹಾಗೆ ಅಚ್ಚಾಗಿತ್ತು. ಹುಬ್ಬಳ್ಳಿಯ ಹುಡುಗರ ಬಾಯಲ್ಲಿ ಮಾತ್ರ ನಾನು ಯಾವತ್ತೂ ರಿಮೋಟ್. ಎರಡು ಹಿಡಿ, ಬೆರಳುಗಳಿಗೆ ಗುಂಡಿಗಳು, ಹೆಬ್ಬೆರಳಿಗೊಂದರಂತೆ ಎರಡು ಗಿಡ್ಡ ಕಡ್ಡಿ: ಇಷ್ಟೇ ನನ್ನ ದೇಹ. ಕಡ್ಡಿಯ ಬುಡದಲ್ಲಿ ಇಂಗಾಲದ ತೆಳು ಪಟ್ಟಿಯೊಂದಿದೆ. ಕಡ್ಡಿ ವಾಲಿದಂತೆ ಆ ಪಟ್ಟಿಯ ಮೇಲೆ ಲೋಹದ ನಾಲಗೆಯೊಂದು ಸರಿಯುತ್ತದೆ, ವಿದ್ಯುತ್ತಿನ ಒತ್ತಡ ಏರಿಳಿಯುತ್ತದೆ, ಪರದೆಯ ಮೇಲೆ ಯಾರೋ ಓಡುತ್ತಾರೆ. ಕೈ ಬಿಟ್ಟರೆ ಒಳಗಿನ ಸ್ಪ್ರಿಂಗು ಕಡ್ಡಿಯನ್ನು ನಡುವಿಗೆ ತಂದು ನಿಲ್ಲಿಸಬೇಕು. ಕಾರ್ಖಾನೆಯಲ್ಲಿ ಕೈಗವಸು ತೊಟ್ಟ ಹೆಂಗಸೊಬ್ಬಳು ಕೊನೆಗೆ ಪರೀಕ್ಷಿಸಿದ್ದು ಅದನ್ನೇ. ಕಡ್ಡಿಯನ್ನು ಒಂದು ಸುತ್ತು ತಿರುಗಿಸಿ ಬಿಟ್ಟಳು. ಅದು ನಡುವೆ ನಿಂತಿತು. ಅವಳು ತಲೆಯಾಡಿಸಿ ಮುಂದಿನದನ್ನು ಎತ್ತಿಕೊಂಡಳು. ಹಾಗೆ ನೆಟ್ಟಗೆ ನಿಂತ ಕಾಲ ಈಗ ಬೇರೆ ಯಾರದೋ ಬಾಲ್ಯದಂತೆ ತೋರುತ್ತದೆ.

ನನ್ನನ್ನು ಕೊಂಡವನು ಹಳೇ ಹುಬ್ಬಳ್ಳಿಯ ಇಮ್ತಿಯಾಜ್. ಅವನ ಗೇಮ್ ಸೆಂಟರಿನಲ್ಲಿ ಗೋಡೆಗೆ ಟಿವಿಗಳು, ನೆಲಕ್ಕೆ ಚಾಪೆ. ಬಾಗಿಲ ಮೇಲೆ ಮಾತ್ರ ಕೈಯಲ್ಲೇ ಬರೆದ ಬೋರ್ಡು: ಹಳದಿ ಹಿನ್ನೆಲೆ, ಕೆಂಪು ಅಕ್ಷರ, ಅಕ್ಷರಕ್ಕೆ ಕಪ್ಪು ನೆರಳು. ಒಳಗೆ ದಿನವಿಡೀ ಫುಟ್‌ಬಾಲ್. ಕುರುಕಲು ತಿಂದ ಕೈಗಳು, ಬೆವರಿದ ಕೈಗಳು, ಪೆನಾಲ್ಟಿ ಹೊಡೆಯುವಾಗ ನನ್ನನ್ನು ಹಣೆಗೆ ಒತ್ತಿಕೊಳ್ಳುವ ಕೈಗಳು. ಸೋತವನು ಬೈಯುವುದು ನನಗೇ. "ಏ ಇಮ್ತಿಯಾಜ್‌ಭಾಯ್, ನಿನ್ನ ರಿಮೋಟ್ ಅವನ ಕಡೆ ಸೇರ್ಯಾದ ನೋಡು!"

ಆಡಿ ಆಡಿ ನನ್ನ ಎಡಗಡ್ಡಿಯ ಪಟ್ಟಿ ಸವೆಯಿತು. ಯಾರೂ ಮುಟ್ಟದಿದ್ದರೂ ನಾನು "ಎಡಕ್ಕೆ, ಎಡಕ್ಕೆ" ಎಂದು ಪಿಸುಗುಟ್ಟತೊಡಗಿದೆ. ಪರದೆಯ ಆಟಗಾರ ಚೆಂಡು ಬಿಟ್ಟು ಮೈದಾನದ ಅಂಚಿಗೆ ನಡೆದುಬಿಡುತ್ತಿದ್ದ. ಹುಡುಗರು ನಕ್ಕರು. ಇಮ್ತಿಯಾಜ್ ನನ್ನನ್ನು ಕೆಟ್ಟವುಗಳ ಡಬ್ಬಿಗೆ ಹಾಕಿದ. ಆ ಕತ್ತಲಲ್ಲಿ ಕೂಡ ಕಡ್ಡಿಯ ಬುಡದಲ್ಲಿ ಏನೋ ತುರಿಸುತ್ತಲೇ ಇತ್ತು.

ಅಲ್ಲಿಂದ ನನ್ನನ್ನು ಎತ್ತಿಕೊಂಡವಳು ಮಂದಾಕಿನಿ. ಬಾಗಿಲ ಮೇಲಿನ ಬೋರ್ಡು ಬರೆದ ಮೌನೇಶ ಚಿತ್ರಗಾರರ ಮಗಳು. ಧಾರವಾಡದ ಕಲಾ ಕಾಲೇಜಿನಲ್ಲಿ ಕೊನೆಯ ವರ್ಷ.

"ಅದು ಕೆಟ್ಟೈತೆವಾ," ಎಂದ ಇಮ್ತಿಯಾಜ್.

"ಇರ್ಲಿ ಬಿಡಣ್ಣ, ನಾ ಏನ್ ಮ್ಯಾಚ್ ಆಡಂಗಿಲ್ಲ."

ಅವಳು ಆಡುವವಳಲ್ಲ, ಆಟ ಕಟ್ಟುವವಳು. ಸಹಪಾಠಿಗಳು ಪದವಿಗಾಗಿ ಕ್ಯಾನ್ವಾಸು, ಶಿಲ್ಪ ಮಾಡುತ್ತಿದ್ದರೆ ಇವಳು ಒಂದು ವಿಡಿಯೋ ಗೇಮ್ ಮಾಡುತ್ತಿದ್ದಳು. ಪರೀಕ್ಷಕರು ಅದನ್ನು ಕಲಾಕೃತಿಯೆಂದು ಒಪ್ಪದಿದ್ದರೆ ವರ್ಷ ಹೋದಂತೆಯೇ. ಅವಳ ಮೇಷ್ಟ್ರು ಎಚ್ಚರಿಸಿದ್ದರು: "ಸುಮ್ಮನ ಒಂದು ಕ್ಯಾನ್ವಾಸ್ ಮಾಡವಾ. ಆಟದ ಮುಂದ ಯಾರ್ ನಿಂತು ನೋಡ್ತಾರ?" ಅವಳು ಹೇಳಿದ್ದಳು: "ನಿಂತು ನೋಡೋದು ಬ್ಯಾಡ್ರಿ ಸರ್. ಕೈಯಾಗ ಹಿಡಿದು ನೋಡ್ಲಿ."

ಆ ಆಟದಲ್ಲಿ ಅಂಕಗಳಿಲ್ಲ, ಶತ್ರುಗಳಿಲ್ಲ. ಒಂದು ಹಳದಿ ಬೋರ್ಡು, ಒಂದು ಕುಂಚ, ಬರೆಯಬೇಕಾದ ಒಂದು ಅಕ್ಷರ: ‘ಇ’. ಬೋರ್ಡು ಬರೆಯುವವರು ದುಂಡನೆಯ ಅಕ್ಷರವನ್ನು ಉಸಿರು ಬಿಗಿಹಿಡಿದು ಎಳೆಯುತ್ತಾರೆ. ಉಸಿರು ಬಿಟ್ಟಲ್ಲಿ ಗೆರೆ ಕದಲುತ್ತದೆ. ಅದಕ್ಕೆ ಆಟದಲ್ಲೂ ಉಸಿರಿನ ಲೆಕ್ಕವಿತ್ತು. ಅದು ಮುಗಿಯುತ್ತ ಬಂದಂತೆ ನನ್ನ ಹೊಟ್ಟೆಯೊಳಗಿನ ಮೋಟಾರು ಗುರುಗುಡುತ್ತಿತ್ತು.

ಮೌನೇಶರ ಬಲಗೈಗೆ ನಡುಕ ಬಂದು ಅವರು ಏಣಿ ಹತ್ತುವುದನ್ನು ಬಿಟ್ಟಿದ್ದರು. ಮನೆಯಲ್ಲೂ ಆ ಕೈ ಜೇಬಿನಲ್ಲೇ ಇರುತ್ತಿತ್ತು. ಮಂದಾಕಿನಿಯ ಆಟ ಆ ಕೈಯ ಕುರಿತದ್ದು. ಅಪ್ಪನಿಗೆ ಎಲ್ಲಿ ನೋವಾಗುತ್ತದೋ ಎಂದು ಅವಳು ಅದನ್ನು ಅವರಿಗೆ ಹೇಳಿರಲಿಲ್ಲ.

ಮೊದಲು ಅವಳು ನಡುಕವನ್ನು ಪ್ರೋಗ್ರಾಮಿನಲ್ಲೇ ಬರೆದು ನೋಡಿದ್ದಳು. ಕುಂಚವೇನೋ ಅದುರುತ್ತಿತ್ತು; ಆದರೆ ಫ್ಯಾನಿನ ಗಾಳಿಗೆ ಕ್ಯಾಲೆಂಡರು ಅದುರಿದ ಹಾಗೆ. ಆಮೇಲೆ ನನ್ನನ್ನು ಜೋಡಿಸಿದಳು. ನಾನು ನನ್ನ ಪಾಡಿಗೆ ಎಡಕ್ಕೆ ಎಳೆದೆ. ಅವಳ ಹೆಬ್ಬೆರಳು ಬಲಕ್ಕೆ ತಳ್ಳಿತು, ತಳ್ಳಿದ್ದು ಹೆಚ್ಚಾಯಿತು, ಹಿಂದಕ್ಕೆ ಬಂತು, ಮತ್ತೆ ಜಾರಿತು. ಈಗ ನಡುಕವಿದ್ದದ್ದು ಪರದೆಯಲ್ಲಲ್ಲ, ಆಡುವವರ ಕೈಯಲ್ಲೇ. ಗೆರೆ ಕೆಟ್ಟಾಗ "ಛೆ" ಎನ್ನುವ ಸಂಕಟವೂ ಆಡುವವರದೇ. ಚಿತ್ರದಲ್ಲಿ ನಡುಗುವ ಕೈಯನ್ನು ನೋಡಬಹುದು. ಇಲ್ಲಿ ಅದು ನೋಡುವವರದೇ ಕೈಯಾಗುತ್ತಿತ್ತು. ಮಂದಾಕಿನಿ ತಾನು ಬರೆದಿದ್ದ ನಡುಕದ ಸಾಲುಗಳನ್ನು ಪ್ರೋಗ್ರಾಮಿನಿಂದ ಅಳಿಸಿಹಾಕಿದಳು. ಡಬ್ಬಿಗೆ ಎಸೆಯಲು ಕಾರಣವಾದ ನನ್ನ ರೋಗ ಯಾರಿಗೋ ಬೇಕಾಗಿತ್ತು.

ಪದವಿ ಪರೀಕ್ಷೆಯ ಪ್ರದರ್ಶನ ಹತ್ತಿರವಾದಾಗ ಒಂದು ಸಂಜೆ ಮೌನೇಶರು ಊಟಕ್ಕೆ ಕರೆಯಲು ಬಂದರು. ಪರದೆಯ ಮೇಲೆ ಯಾರೂ ಮುಟ್ಟದ ಕುಂಚ ಎಡಕ್ಕೆ ಜಾರುತ್ತಿತ್ತು. ಅವಳು ತಟ್ಟನೆ ಪರದೆ ಆರಿಸಿದಳು. ಅವರು ಬೋರ್ಡು ನೋಡಲಿಲ್ಲ. ಮಗಳ ಸಾಮಾನು ಕೆಟ್ಟಿದೆಯೆಂಬುದನ್ನಷ್ಟೇ ನೋಡಿದರು.

ಅವರದೊಂದು ಪದ್ಧತಿಯಿತ್ತು. ಕೆಲಸದ ಹಿಂದಿನ ದಿನ ತಮ್ಮ ಜೊತೆಗಾರರ ಕುಂಚಗಳನ್ನೂ ತಾವೇ ಸೀಮೆಎಣ್ಣೆಯಲ್ಲಿ ತೊಳೆದು, ಕೂದಲು ಉದುರುವ ಕುಂಚವನ್ನು ತೆಗೆದು ಹೊಸದನ್ನಿಡುವುದು. ಮಗಳ ಪರೀಕ್ಷೆಯ ಹಿಂದಿನ ದಿನ, ಅವಳು ಪರದೆ ಜೋಡಿಸಲು ಕಾಲೇಜಿಗೆ ಹೋಗಿದ್ದಾಗ, ನನ್ನನ್ನು ಚೀಲದಲ್ಲಿಟ್ಟುಕೊಂಡು ಇಮ್ತಿಯಾಜನ ಅಂಗಡಿಗೆ ನಡೆದರು. ಕೆಟ್ಟದ್ದನ್ನು ಕೊಟ್ಟೆನಲ್ಲಾ ಎಂಬ ನಾಚಿಕೆ ಅವನಿಗೆ. ಕೂಡಲೇ ಹೊಸ ಕಡ್ಡಿ ಬೆಸೆದುಕೊಟ್ಟ. ಹಳೆಯದನ್ನು ಮೌನೇಶರು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ಯಾವ ಸಾಮಾನನ್ನೂ ಎಸೆದವರಲ್ಲ. ನನ್ನನ್ನು ಮಗಳ ಬ್ಯಾಗಿನಲ್ಲಿಟ್ಟು, ನಾಳೆ ಅವಳೇ ನೋಡಲಿ ಎಂದು ಮುಗುಳ್ನಕ್ಕರು. ನಾನು ನಡುವೆ ನೆಟ್ಟಗೆ ನಿಂತಿದ್ದೆ. ಚಡಪಡಿಕೆ ನಿಂತಿತ್ತು, ಆದರೆ ಹೇಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ಮರುದಿನ ಪ್ರದರ್ಶನ ನೋಡಲು ಮೌನೇಶರೂ ಜೊತೆಗೆ ಹೊರಟರು. ಬಸ್ಸು ತಡವಾಯಿತು. ಮಂದಾಕಿನಿ ನನ್ನ ತಂತಿ ಸಿಕ್ಕಿಸುವಷ್ಟರಲ್ಲಿ ಪರೀಕ್ಷಕಿ ದೇಸಾಯಿ ಮೇಡಂ ಎದುರಿಗೇ ನಿಂತಿದ್ದರು. ಅವರು ನನ್ನನ್ನು ಹಿಡಿದರು, ಕುಂಚ ಹೇಳಿದಂತೆ ಕೇಳಿತು, ‘ಇ’ ದುಂಡಗೆ ಮೂಡಿತು.

"ಚಲೋ ಅದ," ಎಂದರು. "ಸಣ್ಣ ಮಕ್ಕಳಿಗೆ ಅಕ್ಷರ ಕಲಸಾಕ ಭಾಳ ಉಪಯೋಗ ಆಗ್ತದ. ಆದ್ರ ಇದನ್ನ ಕಲಾಕೃತಿ ಅಂತ ಯಾಕ ಅನಬೇಕವಾ?"

ಮಂದಾಕಿನಿ ನನ್ನನ್ನು ಕಸಿದುಕೊಂಡು ಎಡಗಡ್ಡಿ ಮುಟ್ಟಿ ನೋಡಿದಳು. ಅದು ನೆಟ್ಟಗೆ ನಡುವಿಗೇ ಮರಳಿತು. ಹಿಂದೆ ನಿಂತಿದ್ದ ಮೌನೇಶರು ಹಿಗ್ಗಿ ಹೇಳಿದರು: "ನಾನs ರಿಪೇರಿ ಮಾಡಿಸೇನ್ರಿ. ನಿನ್ನಿ ತನಕ ಎಡಕ್ಕ ಎಳೀತಿತ್ತು."

ಆ ಎಳೆತ ಏಕೆ ಬೇಕಿತ್ತೆಂದು ಹೇಳಿದರೆ ವರ್ಷ ಉಳಿಯಬಹುದು. ಆದರೆ ಹೇಳಬೇಕಾದದ್ದು ಅಪ್ಪನ ಎದುರಿಗೇ, ಅಪ್ಪನ ಕೈಯ ಬಗ್ಗೆಯೇ. ಅವಳು ನನ್ನ ತಂತಿಯನ್ನು ಬೆರಳಿಗೆ ಸುತ್ತತೊಡಗಿದಳು.

ಮೌನೇಶರು ಆಗಲೇ ಪರದೆಯನ್ನು ಸರಿಯಾಗಿ ನೋಡಿದ್ದು. ಹಳದಿ, ಕೆಂಪು, ಕಪ್ಪು ನೆರಳು. "ಇದು ಇಮ್ತಿಯಾಜನ ಅಂಗಡಿ ಬೋರ್ಡಲ್ಲೇನು?" ಎಂದು ಜೇಬಿನಿಂದ ಬಲಗೈ ತೆಗೆದು ನನ್ನನ್ನು ತೆಗೆದುಕೊಂಡರು. ಕುಂಚ ಯಾವ ಕಡ್ಡಿಗೆಂದು ತಿಳಿಯದೆ ಬಲಗಡ್ಡಿ ಒತ್ತಿದರು. "ಅದಲ್ಲಪ್ಪಾ, ಈ ಕಡೆದು," ಎಂದು ಅವಳು ಮೆಲ್ಲಗೆ ತೋರಿಸಿದಳು. ಅವರು ಬಲಗೈಯ ಹೆಬ್ಬೆರಳನ್ನೇ ಎಡಗಡ್ಡಿಯ ಮೇಲೆ ತಂದರು. ನಡುಕ ನೇರವಾಗಿ ನನ್ನೊಳಗಿಳಿಯಿತು. ಗೆರೆ ಬಳುಕಿತು, ಬೋರ್ಡಿನ ಹೊರಗೆ ಹೋಯಿತು, ಮರಳಿತು. ನಾನು ಗುರುಗುಟ್ಟಿದೆ. ಅವರು ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದರು.

"ಮಂದಾ, ಇದು ನನ್ನ ಕೈಯೇನು?"

"ಹೂಂ ಅಪ್ಪಾ."

"ಮತ್ತ ಆ ಎಳೆಯೋದು..."

"ಬೇಕಂತನs ಇಟ್ಟಿದ್ದೆ. ನನ್ನ ಕೈಗೂ ಗೊತ್ತಾಗ್ಲಿ ಅಂತ."

ಅವರು ಸಿಟ್ಟಾಗುತ್ತಾರೆಂದು ನಾನು ಕಾದೆ. ಅವರು ‘ಇ’ ಮುಗಿಸುವುದರಲ್ಲಿ ಮುಳುಗಿದ್ದರು. ಮುಗಿದದ್ದು ಸೊಟ್ಟ ಅಕ್ಷರ, ಓದಲು ಬರುತ್ತಿತ್ತು. ಉಸಿರು ಬಿಟ್ಟರು. ದೇಸಾಯಿ ಮೇಡಂ ಕೂಡ ಆಗಲೇ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಮಕ್ಕಳಿಗೆ ಅಂದೆನಲ್ಲ, ಆ ಮಾತು ಬಿಡ್ರಿ," ಎಂದರು ಅವರು. "ಎಳೆಯೋದನ್ನ ಮತ್ತ ಹಾಕಿಸಿದ್ರ ನನಗ ಇನ್ನೊಮ್ಮೆ ಕೊಡ್ರಿ."

ಮೌನೇಶರು ಮರುದಿನವೇ ಇಮ್ತಿಯಾಜನ ಮುಂದೆ ಕಾಗದದ ಪೊಟ್ಟಣ ಬಿಚ್ಚಿದರು. ಅವನು ನಕ್ಕುಬಿಟ್ಟ. "ಕಾಕಾ, ಕೆಟ್ಟಿದ್ದು ತೆಗೆದು ಚಲೋದು ಹಾಕೋದು ನನ್ನ ಧಂದೆ. ಚಲೋದು ತೆಗೆದು ಕೆಟ್ಟಿದ್ದು ಹಾಕು ಅನ್ನೋರು ನೀವs ಮೊದಲು!"

ದೇಸಾಯಿ ಮೇಡಂ ಎರಡನೆಯ ಸಲ ಆಡಿದಾಗ ಅವರ ಅಕ್ಷರ ಅರ್ಧಕ್ಕೇ ನಿಂತಿತು. ಅವರು ತಮ್ಮ ಹೆಬ್ಬೆರಳನ್ನೇ ನೋಡುತ್ತ ನಿಂತರು. ಮಂದಾಕಿನಿ ಪಾಸಾದಳು.

ಈಗ ನಾನು ಚಿತ್ರಗಾರರ ಮನೆಯ ಕಿಟಕಿಯ ಹಲಗೆಯ ಮೇಲೆ, ಒಣಗಿದ ಕುಂಚಗಳ ಪಕ್ಕದಲ್ಲಿದ್ದೇನೆ. ಗುಂಡಿಗಳ ಗುರುತು ಅಳಿಸಿದೆ, ಹಿಡಿಯ ರಬ್ಬರು ಅಂಟಂಟಾಗಿದೆ. ಹುಟ್ಟಿದಾಗ ನಡುವೆ ನಿಲ್ಲುವುದೇ ನನ್ನ ಗುಣ ಎಂದುಕೊಂಡಿದ್ದೆ. ನಿಲ್ಲಲಾರದ್ದರಿಂದಲೇ ಒಂದು ಕೈಯ ಮಾತು ನನ್ನ ಮೂಲಕ ಇನ್ನೊಂದು ಕೈಗೆ ದಾಟಿತು. ಸಂಜೆ ಮೌನೇಶರು ಕೆಲವೊಮ್ಮೆ ಕಂಪ್ಯೂಟರು ಹಚ್ಚಿ ನನ್ನನ್ನು ಜೋಡಿಸುತ್ತಾರೆ. ಆಡುವುದಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿಟ್ಟು, ಜೇಬಿನಲ್ಲಲ್ಲ, ಸುಮ್ಮನೆ ಕೂರುತ್ತಾರೆ. ಹಳದಿ ಬೋರ್ಡಿನ ಮೇಲೆ ಕೆಂಪು ಗೆರೆಯೊಂದು ತಾನಾಗಿಯೇ ಎಡಕ್ಕೆ ಹೊರಡುತ್ತದೆ.

"ಮಂದಾ, ಬಾ ಇಲ್ಲೆ," ಎಂದು ಕರೆಯುತ್ತಾರೆ. "ಯಾರೂ ಹಿಡಿದಿಲ್ಲ, ಆದ್ರೂ ಬರೀಲಿಕ್ಕತ್ತದ ನೋಡು."